ಲ ಅಲ್ಲ, ಳ ಅಲ್ಲ

ವೇಲ್ಸ್‌ನ ಕಾರ್ಡಿಫ್‌ಗೆ ಬಂದ ಮೊದಲ ವಾರವೇ ಪಕ್ಕದ ಮನೆಯ ಅಜ್ಜ ಕೈಕುಲುಕಿ ಹೆಸರು ಹೇಳಿದರು. ನನಗೆ ಕೇಳಿಸಿದ್ದು ಸೈಕಲ್ ಟೈರಿನ ಗಾಳಿ ಬಿಟ್ಟ ಹಾಗೆ ಒಂದು 'ಸ್ಸ್‌', ಅದರ ಬಾಲಕ್ಕೆ ಒಂದು 'ವೆಲಿನ್'. ನನ್ನ ಮುಖ ನೋಡಿ ಅವರೇ, "ಲಿನ್ ಅಂದ್ರೂ ಸಾಕಪ್ಪ" ಅಂದರು.

ಅಲ್ಲಿಗೆ ಸುಮ್ನಿರಬಹುದಿತ್ತು. ಆದರೆ ನಾನು ಯಾರು? ಬೆಂಗಳೂರಿನ ಆಫೀಸಿನಲ್ಲಿ 'ಬಾಲೆಹಣ್ಣು' ಅಂದವರನ್ನೆಲ್ಲ ವರ್ಷಗಟ್ಟಲೆ ಆಡಿಕೊಂಡವನು. ಳಕಾರ ನನಗೆ ಪಿತ್ರಾರ್ಜಿತ ಆಸ್ತಿ. ರಿಯಾಯಿತಿ ದರದ ಹೆಸರು ನನಗ್ಯಾಕೆ?

ಪೂರ್ತಿ ಹೆಸರನ್ನು ಕನ್ನಡದಲ್ಲಿ ಲಿವೆಲಿನ್ ಅಂತ ಬರೆದು ಕೈ ತೊಳೆದುಕೊಳ್ಳಬೇಕು ಅಷ್ಟೆ. ಶುರುವಿನಲ್ಲಿ ಎರಡು ಎಲ್ ಇವೆ. ಇಲ್ಲಿನ ವೆಲ್ಷ್ ಭಾಷೆಯ ಅಕ್ಷರಮಾಲೆಯಲ್ಲಿ ಆ ಜೋಡಿ ಒಂದೇ ಅಕ್ಷರ. ಅದು ಲ ಅಲ್ಲ, ಳ ಅಂತೂ ಅಲ್ಲವೇ ಅಲ್ಲ. ಅಜ್ಜನ ಪಾಠ ಹೀಗಿತ್ತು: "ಲ ಹೇಳೋಕೆ ನಾಲಿಗೆ ಇಡು. ಹೇಳಬೇಡ. ನಾಲಿಗೆಯ ಪಕ್ಕದಿಂದ ಗಾಳಿ ಊದು." ಊದಿದೆ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು.

ಅರ್ಥ ಏನು ಅಂತ ಕೇಳಿದೆ. "ಸಿಂಹ!" ಅಂದರು. ವೆಲ್ಷ್‌ನಲ್ಲಿ ಸಿಂಹಕ್ಕೆ ಇರುವ ಪದವೂ ಅದೇ ಗಾಳಿಯಿಂದ ಶುರುವಾಗುವುದರಿಂದ ಜನ ಹಾಗೆ ಗಂಟು ಹಾಕಿದ್ದಾರೆ. ಪಂಡಿತರಲ್ಲಿ ಹಲವರು ಹೇಳುವುದೇ ಬೇರೆ. ಲುಗಸ್, ಬೆಲೆನಸ್ ಅನ್ನುವ ಎರಡು ಹಳೇ ಕೆಲ್ಟಿಕ್ ದೇವರ ಹೆಸರು ಸೇರಿ ಆದದ್ದಂತೆ. ಅಂದರೆ ನಮ್ಮ ಶಂಕರನಾರಾಯಣನ ಹಾಗೆ, ಅಲ್ವಾ? ಅಜ್ಜ ಮಾತ್ರ ಸಿಂಹವನ್ನು ಬಿಟ್ಟುಕೊಡಲಿಲ್ಲ.

ಸುಮ್ನೆ ಬಿಡುವ ಹೆಸರೂ ಅಲ್ಲ ಅದು. ವೇಲ್ಸ್‌ನ ಕೊನೆಯ ಸ್ವತಂತ್ರ ದೊರೆಯ ಹೆಸರೂ ಇದೇ. 1282ರ ಡಿಸೆಂಬರಿನಲ್ಲಿ ಕಿಲ್ಮೇರಿ ಹತ್ತಿರ ಇಂಗ್ಲಿಷರ ಸೈನಿಕರು ಅವನನ್ನು ಕೊಂದು, ತಲೆಯನ್ನು ಲಂಡನ್ನಿಗೆ ಕಳಿಸಿದರು. ಮೊನ್ನೆ ಮಂಗಳವಾರ ಬೀದಿಯಲ್ಲಿ ನಡೆದ ಜಗಳದ ಹಾಗೆ ಅಜ್ಜ ಇದನ್ನು ಹೇಳುತ್ತಾರೆ.

ನನಗಿದ್ದ ಒಂದೇ ಸಮಾಧಾನ ಅಂದರೆ ಇಂಗ್ಲಿಷರೂ ಸೋತದ್ದು. ಶೇಕ್ಸ್‌ಪಿಯರ್ 'ಐದನೇ ಹೆನ್ರಿ' ನಾಟಕದಲ್ಲಿ ಈ ಹೆಸರಿನ ವೆಲ್ಷ್ ದಳಪತಿಯನ್ನು ಫ್ಲುಯೆಲೆನ್ ಮಾಡಿಬಿಟ್ಟ. ಕ್ರಿಕೆಟಿಗ ಕ್ಲೈವ್ ಲಾಯ್ಡ್ ಅನ್ನುವಾಗಿನ ಲಾಯ್ಡ್ ಕೂಡ ಮೂಲತಃ ವೆಲ್ಷ್, ಅರ್ಥ ಬೂದು ಬಣ್ಣ. ಬಾಯಿ ತಿರುಗದವರ ಕೈಗೆ ಸಿಕ್ಕಿ ಅದು ಫ್ಲಾಯ್ಡ್ ಆಯಿತು.

ಅಜ್ಜನನ್ನು ಊಟಕ್ಕೆ ಕರೆದ ದಿನ ಹೇಗಾದರೂ ಸರಿಯಾಗಿ ಕರೆಯಲೇಬೇಕು ಅಂತ ಬಚ್ಚಲಲ್ಲಿ ಕನ್ನಡಿ ಮುಂದೆ ನಿಂತೆ. ಊದಿದೆ. ಇನ್ನೂ ಜೋರಾಗಿ ಊದಿದೆ. ಮೂರನೇ ಸಲ ಅದ್ಭುತವಾಗಿ ಬಂತು. ಹೊರಗೆ ಹೆಂಡತಿ ತಾಯಿಯ ಜೊತೆ ಫೋನಿನಲ್ಲಿದ್ದವಳು, "ಇರಮ್ಮ, ಮೂರು ಕೂಗಾಯ್ತು" ಅಂತ ಎದ್ದು ಹೋಗಿ ಒಲೆ ಆರಿಸಿದಳು. ಆ ಕುಕ್ಕರ್ ಆವರೆಗೆ ಒಂದು ಸಲವೂ ಕೂಗಿರಲಿಲ್ಲ.

ಅಷ್ಟು ಹೊತ್ತಿಗೆ ಅಜ್ಜ ಬಾಗಿಲಲ್ಲಿದ್ದರು. ಅವಸರದಲ್ಲಿ ಹುಳಿಯೂ ಆಯಿತು, ಬಡಿಸಿದ್ದೂ ಆಯಿತು. ತೊಗರಿಬೇಳೆ ತಟ್ಟೆಯಲ್ಲಿ ಕಲ್ಲಿನ ಹಾಗೆ ಸದ್ದು ಮಾಡುತ್ತಿತ್ತು. ಅಜ್ಜ ಮರ್ಯಾದಸ್ಥರು. ಕಟುಂ ಕಟುಂ ಅಂತ ಅಗಿದು, ಇದರ ಹೆಸರೇನು ಅಂದರು.

"ಹುಳಿ."

"ಹುಲಿ," ಅಂದರು ಸಿಂಹದಂಥ ಅಜ್ಜ. "ಹುಲಿ ತುಂಬಾ ಚೆನ್ನಾಗಿದೆ. ಸ್ವಲ್ಪ ಗಟ್ಟಿ."

ಬಾಲೆಹಣ್ಣಿನವರೆಲ್ಲ ಕಣ್ಣ ಮುಂದೆ ಬಂದರು. ತಿದ್ದಲು ಬಾಯಿ ಬರಲಿಲ್ಲ.

"ಥ್ಯಾಂಕ್ಸ್, ಲಿನ್," ಅಂದೆ.