ಕಲಬುರಗಿಗೊಂದು ಡೀಸೆಲ್ ಕಸಬರಗಿ

ನಮ್ಮೂರಾಗ ಧೂಳಿಗೆ ಸರ್ಕಾರಿ ನೌಕರಿ ಸಿಕ್ಕದ ಅಂತ ನನಗ ಹ್ವಾದ ವಾರ ಖಾತ್ರಿ ಆತ್ರೀ, ಯಾಕಂದ್ರ ಅದಕ್ಕ ವರ್ಗಾವಣೆ ಅಷ್ಟೇ ಆಗ್ತದ, ರಿಟೈರ್ಮೆಂಟ್ ಅನ್ನೋದೇ ಇಲ್ಲ.

ಮುಂಜಾನಿ ರಿಂಗ್ ರೋಡ್ ಬಾಜೂಕ ಬಂಡಿ ಮುಂದ ನಿಂತು ಸೂಸ್ಲಾ ತಿನ್ಲತ್ತಿದ್ದೆ, ಜೋಡಿ ಎರಡು ಬಿಸಿ ಮಿರ್ಚಿ, ಅಷ್ಟರಾಗ ಬಂತು ನೋಡ್ರಿ ರೋಡ್ ಉಡುಗೋ ಮಷೀನ್. ಯಾರ ಗಾಡಿ ಅಂತ ಕೇಳಬ್ಯಾಡ್ರಿ, ನಾ ಇದೇ ಊರಾಗ ಬಾಳೇವು ಮಾಡ್ಬೇಕು. ಕೆಳಗ ದುಂಡನ ಬ್ರಷ್ ಗಿರಗಿರ ತಿರಗ್ಲತ್ತಿದ್ವು, ಡಿವೈಡರ್ ಬುಡಕ್ಕ ಸಂಕ್ರಾಂತಿಯಿಂದ ಆರಾಮ್ ಮಲ್ಕೊಂಡಿದ್ದ ಧೂಳು ಆಳೆತ್ತರ ಎದ್ದು ನಿಂತು, ಅತ್ಲಾಗ ಇತ್ಲಾಗ ನೋಡಿ, ಸೀದಾ ನನ್ನ ಪ್ಲೇಟಿಗೆ ಡ್ಯೂಟಿ ರಿಪೋರ್ಟ್ ಮಾಡ್ಕೊಂತು. ಬಂಡಿ ಅಕ್ಕ ಮಾತ್ರ ಗಾಡಿ ಸಪ್ಪಳ ದೂರದಾಗ ಕೇಳ್ತಿದ್ದಂಗೇ ಬುಟ್ಟಿ ಮ್ಯಾಲೆ ಪೇಪರ್ ಹಾಸಿ, ಹಾರಬಾರ್ದಂತ ಅದರ ಮ್ಯಾಲೊಂದು ಫರ್ಸಿ ಕಲ್ಲಿನ ಚೂರು ಇಟ್ಟಿದ್ಲು. ಧೂಳು ನಿಯಂತ್ರಣ ಖರೇ ಜಾರಿ ಮಾಡಿದಾಕಿ ಆಕಿ ಒಬ್ಬಾಕೀನೇ.

ಆ ಮಷೀನಿಗೆ ನೀರಿನ ಟಾಕಿ ಇರ್ತದ, ಮೊದ್ಲು ನೀರು ಚಿಮುಕಿಸಿ ಧೂಳು ಕೂಡ್ಸಿ ಆಮ್ಯಾಲೆ ಒಳಗ ಎಳ್ಕೋಬೇಕು. ಡ್ರೈವರ್‌ಗೆ ಕೇಳೇ ಬಿಟ್ಟೆ, ನೀರ್ ಬಿಡಂಗಿಲ್ಲೇನೋ ತಮ್ಮಾ ಅಂತ. "ನೀರ್ ಬಿಟ್ರ ಕೆಸರಾಗಿ ಬ್ರಷ್‌ಗೆ ಅಂಟ್ತದರೀ ಕಾಕಾ, ಬ್ರಷ್ ಹಾಳಾದ್ರ ನನ್ನ ಪಗಾರದಾಗ ಹಿಡೀತಾರ" ಅಂದ. ಪಾಪ, ಅವನ ಲೆಕ್ಕ ಅವನಿಗೆ ಬರೋಬ್ಬರಿ ಅದ.

ಇದೆಲ್ಲಾ ಎಲ್ಲಿಂದ ಶುರು ಆತಂದ್ರ, 2019ರ ಜನವರಿಯಾಗ ಕೇಂದ್ರದವ್ರು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ತಂದ್ರು, ಗಾಳಿ ಫೇಲಾದ ಊರಿನ ಲಿಸ್ಟಿನಾಗ ಕರ್ನಾಟಕದ್ದು ನಾಕೇ ನಾಕು, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಮತ್ತ ನಾವು. ಬ್ಯಾರೆ ಯಾವ ಲಿಸ್ಟಿನಾಗೂ ಬೆಂಗಳೂರು ಪಂಕ್ತಿಯಾಗ ನಮಗ ಎಲಿ ಹಾಕದವ್ರು ಇದ್ರಾಗ ಮಾತ್ರ ಕರದು ಕೂಡ್ಸಿದ್ರು! 2017ಕ್ಕ ಹೋಲಿಸಿ 2024ರೊಳಗ ಧೂಳು 20ರಿಂದ 30 ಪರ್ಸೆಂಟ್ ಇಳಿಸ್ರಿ ಅಂತಿತ್ತು, ಆಮ್ಯಾಲೆ 2025-26ರೊಳಗ 40 ಪರ್ಸೆಂಟ್ ಅಂದ್ರು, ಪಾಸಾಗ್ಲಿಕ್ಕೇ ಒದ್ದಾಡೋ ಹುಡುಗನಿಗೆ ರ್‍ಯಾಂಕ್ ತಗೊಂಡು ಬಾ ಅಂದಂಗ.

ಪಿಎಂ 10 ಅನ್ನೋ, ಗಾಳ್ಯಾಗ ತೇಲೋ ಸಣ್ಣ ಧೂಳು ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರ್ದು. ಸರಾಸರಿ ಅಂದಮ್ಯಾಲೆ ಮಳಿರಾಯ ಇದ್ದಾನಲ್ಲ, ಜುಲೈ ಆಗಸ್ಟಿನಾಗ ಅವನೇ ಬಂದು ಎಲ್ಲಾ ತೊಳದು ಹೋಗ್ತಾನ, ಟಿಎ ಡಿಎ ಕೇಳಂಗಿಲ್ಲ. ಪಿಎಂ 2.5 ಇನ್ನೂ ಸಣ್ಣದು, ಹೊಗಿಯಾಗ ಇರ್ತದ, ಸೀದಾ ಪುಪ್ಪುಸದ ತಳಕ್ಕ ಇಳೀತದ, ಆದ್ರ ಕಣ್ಣಿಗೆ ಕಾಣಂಗಿಲ್ಲ, ಕಾಣದ್ದಕ್ಕ ಫೋಟೋ ಬರಂಗಿಲ್ಲ, ಫೋಟೋ ಇಲ್ದೇ ಬಿಲ್ ಆಗಂಗಿಲ್ಲ, ಹಿಂಗಾಗಿ ಅದರ ಸುದ್ದಿಗೆ ಯಾರೂ ಹೋಗಂಗಿಲ್ಲ.

ಮಷೀನ್ ಉಡುಗೋದು ರೋಡಿನ ನಡುವಿನ ಡಾಂಬರು. ಧೂಳು ಹುಟ್ಟೋದು ಬಾಜೂಕ. ಪೈಪಿಗಂತ ಅಗದು ಮುಚ್ಚಿ ಉಳಿದ ಕರಿ ಮಣ್ಣು ಅಲ್ಲೇ ಗುಡ್ಡಿ ಬಿದ್ದದ, ಉಸುಕಿನ ಟಿಪ್ಪರ್ ತಾಡಪತ್ರಿ ಇಲ್ದೇ ಮೆರವಣಿಗಿ ಹೊಂಟದ, ಕೆಡವಿದ ಮನಿ ಕಸಕ್ಕ 2016ರಾಗೇ ನಿಯಮ ಬಂದದ ಅಂತ ಆ ಕಸಕ್ಕ ಯಾರೂ ಹೇಳಿಲ್ಲ. ಒಂದು ಬಸ್ ಹ್ವಾದ್ರ ಸಾಕು, ಬಾಜೂಕಿಂದೆಲ್ಲಾ ನಡುವಕ್ಕ ಬರ್ತದ, ಮರುದಿನ ಮಷೀನ್ ಬಂದು ನಡುವಿನದು ಬಾಜೂಕ ಕಳಿಸ್ತದ. ಕೌನ್ಸೆಲಿಂಗ್ ಇಲ್ಲ, ಶಿಫಾರಸ್ ಪತ್ರ ಇಲ್ಲ, ಇಷ್ಟು ಸಲೀಸಾಗಿ ವರ್ಗಾವಣೆ ನಮ್ಮ ಮಾಸ್ತರ ಮಂದಿಗೆ ಆಗಿದ್ರ ಅವ್ರು ಉಪವಾಸ ಯಾಕ ಕೂಡ್ತಿದ್ರು.

ಮಿರ್ಚಿ ಜಾಡಿಸಿ ತಿಂದೆ, ಎಣ್ಣ್ಯಾಗ ಕರದದ್ದು ಏನಾಗ್ತದ ಬಿಡ್ರಿ. ಮಷೀನ್ ಮುಂದ ಹ್ವಾತು, ಹಿಂದಿನಿಂದ ನೋಡಿದ್ರ ಅದರ ಡೋರ್ ಮ್ಯಾಲೆ ಬೆರಳು ದಪ್ಪ ಧೂಳು, ಯಾವನೋ ಪುಣ್ಯಾತ್ಮ ಬೆರಳಿಲೇ ಬರದಿದ್ದ: "ಜರಾ ನನಗೂ ಒರಸ್ರಿ".