ಎರಡನೆಯವನನ್ನು ಯಾರೂ ಕೇಳಲ್ಲ

ಪ್ರತಿ ವರ್ಷ ಏಪ್ರಿಲ್ 15ಕ್ಕೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಎಲ್ಲ ಆಟಗಾರರ ಬೆನ್ನ ಮೇಲೂ ಒಂದೇ ನಂಬರ್, 42. ಜಾಕಿ ರಾಬಿನ್ಸನ್ ಅವರ ನಂಬರ್ ಅದು. ಆರು ದಶಕ ಕಪ್ಪು ಜನರನ್ನು ಹೊರಗಿಟ್ಟಿದ್ದ ಲೀಗ್‌ನಲ್ಲಿ 1947ರ ಅದೇ ದಿನ ಬ್ರೂಕ್ಲಿನ್ ಡಾಜರ್ಸ್ ಪರ ಆಡಿದ ಮೊದಲ ಕಪ್ಪು ಆಟಗಾರ. ಆಚರಣೆ ಚೆನ್ನಾಗೇ ಇದೆ, ನನ್ನ ತಕರಾರು ಅದರ ಮೇಲಲ್ಲ. ಆದ್ರೆ ಲ್ಯಾರಿ ಡೋಬಿ ಅಂತ ಒಬ್ಬರಿದ್ದರು, ಎಷ್ಟು ಜನ ಕೇಳಿದ್ದೀರಿ?

ಅದೇ ವರ್ಷ, ಜುಲೈ 5. ಮೇಜರ್ ಲೀಗ್‌ಗೆ ಎರಡನೆಯ ಕಪ್ಪು ಆಟಗಾರನಾಗಿ ಡೋಬಿ ಬಂದರು. ಹನ್ನೊಂದು ವಾರ ತಡ, ಅಷ್ಟೇ. ರಾಬಿನ್ಸನ್‌ಗೆ ಮೇಜರ್ ಲೀಗ್‌ಗೆ ಮೊದಲು ಕೆಳಹಂತದ ಲೀಗ್‌ನ ಮಾಂಟ್ರಿಯಲ್ ತಂಡದಲ್ಲಿ ಒಂದು ವರ್ಷ ಆಡಿ ಪಳಗುವ ಅವಕಾಶವಾದರೂ ಸಿಕ್ಕಿತ್ತು. ಡೋಬಿಗೆ ಅದೂ ಇಲ್ಲ. ಹಿಂದಿನ ದಿನ ಕಪ್ಪು ಜನರ ಲೀಗ್‌ನ ನ್ಯೂವಾರ್ಕ್ ಈಗಲ್ಸ್‌ಗೆ ಆಡಿದ 23ರ ಹುಡುಗ, ಮರುದಿನ ಷಿಕಾಗೋದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಡ್ರೆಸ್ಸಿಂಗ್ ರೂಮಲ್ಲಿ. ಮ್ಯಾನೇಜರ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಸುತ್ತಾ ಹೋದರು. ಡೋಬಿ ಕೈ ಚಾಚುತ್ತಾ ಹೋದರು. ಕೆಲವರು ಕೈ ಕೊಡಲೇ ಇಲ್ಲ. ಆಮೇಲೆ ಮೈದಾನದಲ್ಲಿ ಚೆಂಡು ಎಸೆದಾಡಲು ಜೊತೆಗಾರ ಸಿಗದೆ ಸುಮ್ನೆ ನಿಂತಿದ್ದರು, ಕೊನೆಗೆ ತಂಡದ ಜೋ ಗಾರ್ಡನ್ ಬಾ ಅಂತ ಕರೆದರು. ಅವತ್ತು ಬದಲಿ ಬ್ಯಾಟರ್ ಆಗಿ ಇಳಿದು ಔಟಾದರು. ಆ ವರ್ಷ ಪೂರ್ತಿ ಬ್ಯಾಟಿಂಗ್ ಸರಾಸರಿ ಬರೀ .156, ಅಂದ್ರೆ ನೂರು ಸಲ ಬ್ಯಾಟ್ ಹಿಡಿದರೆ ಹದಿನಾರು ಹಿಟ್ ಅಷ್ಟೇ.

ಮುಂದಿನ ವರ್ಷ .301! ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದಲ್ಲಿ ಅವರ ಹೋಮ್ ರನ್, ಅವರದೇ ತಂಡದ ಬಿಳಿಯ ಪಿಚರ್ ಸ್ಟೀವ್ ಗ್ರೋಮೆಕ್‌ನ ಬೌಲಿಂಗ್, 2-1ರ ಗೆಲುವು. ಪಂದ್ಯ ಮುಗಿದ ಮೇಲೆ ಇಬ್ಬರೂ ಕೆನ್ನೆಗೆ ಕೆನ್ನೆ ಒತ್ತಿ, ಹಲ್ಲು ಬಿಟ್ಟು ನಗುತ್ತಿರುವ ಫೋಟೋ ಒಂದಿದೆ, ಹುಡುಕಿ ನೋಡಿ. 1948ರ ಅಮೆರಿಕದ ಪತ್ರಿಕೆಗಳಲ್ಲಿ ಅದು ಅಚ್ಚಾಗಿತ್ತು ಅನ್ನೋದೇ ದೊಡ್ಡ ವಿಷಯ.

ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ರಾಬಿನ್ಸನ್ 1962ರಲ್ಲಿ ಸೇರಿದರು. ಡೋಬಿ? 1998ರಲ್ಲಿ. ಕಪ್ಪು ಮ್ಯಾನೇಜರ್‌ಗಳಲ್ಲೂ ಅವರು ಎರಡನೆಯವರೇ, 1978ರಲ್ಲಿ. ಇದೊಂದು ಶಾಪ ಅಲ್ವಾ! ಎರಡನೆಯವನಿಗೆ ಬೈಗುಳ ಕಮ್ಮಿ ಬೀಳುತ್ತಾ? ಬೇರೆ ಹೋಟೆಲ್‌ನಲ್ಲಿ ಮಲಗೋ ಕಷ್ಟ ಕಮ್ಮಿ ಆಗುತ್ತಾ? ಜುಲೈ 5ಕ್ಕೆ ಎಲ್ಲ ತಂಡಗಳೂ ಡೋಬಿಯ 14 ನಂಬರ್ ತೊಟ್ಟರೆ ಯಾರ ಗಂಟೇನು ಹೋಗುತ್ತೆ.

ಬೇಸ್‌ಬಾಲ್ ಕಟ್ಕೊಂಡು ನಮಗೇನು ಅನ್ನೋರಿಗೆ ಒಂದು ಮಾತು. ಧಾರವಾಡದಲ್ಲಿ ಹುಟ್ಟಿದ ದಲಿತ ಸ್ಪಿನ್ನರ್ ಪಾಲ್ವಂಕರ್ ಬಾಲೂ, 1911ರ ಭಾರತ ಕ್ರಿಕೆಟ್ ತಂಡದ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಜಾಸ್ತಿ ವಿಕೆಟ್ ಕಿತ್ತವರು. ಪುಣೆಯಲ್ಲಿ ತಂಡದವರು ಪೆವಿಲಿಯನ್ ಒಳಗೆ ಚಹಾ ಕುಡಿದರೆ ಬಾಲೂಗೆ ಹೊರಗೆ, ಮಣ್ಣಿನ ಲೋಟದಲ್ಲಿ. ಧರ್ಮಕ್ಕೊಂದು ತಂಡ ಇದ್ದ ಆಗಿನ ಟೂರ್ನಿಯಲ್ಲಿ ಹಿಂದೂಸ್ ತಂಡದ ನಾಯಕತ್ವ ಅವರಿಗೆ ಕೊಡಲಿಲ್ಲ, 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ಧಾರವಾಡದವರೇ ಎಷ್ಟು ಮಂದಿ ಅವರನ್ನು ನೆನೆಯುತ್ತಾರೆ, ನೀವೇ ಹೇಳಿ.

ನನಗೆ ಜಾಸ್ತಿ ಸಿಟ್ಟು ಬರೋದು ಮಾತ್ರ ಬೇರೆ ಕಡೆ. ಬಾಗಿಲು ತೆರೆದವರ ಹೆಸರು ಹೇಳುತ್ತೇವೆ, ಮುಚ್ಚಿ ಕೂತವರದ್ದು ಹೇಳಲ್ಲ. ಕೆನೆಸಾ ಮೌಂಟನ್ ಲ್ಯಾಂಡಿಸ್ 1920ರಿಂದ 1944ರವರೆಗೆ ಬೇಸ್‌ಬಾಲ್‌ನ ಕಮಿಷನರ್, ಅಂದ್ರೆ ಮುಖ್ಯಸ್ಥ. ಆ ಅವಧಿಯಲ್ಲಿ ಒಬ್ಬ ಕಪ್ಪು ಆಟಗಾರನೂ ಒಳಗೆ ಬರಲಿಲ್ಲ. 1944ರಲ್ಲಿ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಫಲಕಕ್ಕೆ ಆತನ ಹೆಸರನ್ನೇ ಇಟ್ಟರು. 1949ರಲ್ಲಿ ಆ ಪ್ರಶಸ್ತಿ ಗೆದ್ದವರು ಯಾರು ಗೊತ್ತಾ? ಜಾಕಿ ರಾಬಿನ್ಸನ್! ಫಲಕದಿಂದ ಆ ಹೆಸರು ತೆಗೆದದ್ದು 2020ರಲ್ಲಿ, ಅದೂ ಹಳೆಯ ವಿಜೇತರು ಬಾಯಿಬಿಟ್ಟು ಹೇಳಿದ ಮೇಲೆ. ಅಲ್ಲಿಗೆ ಎಲ್ಲರೂ 42 ತೊಟ್ಟು ಸಾಲಾಗಿ ನಿಲ್ಲೋಕೆ ಶುರು ಮಾಡಿ ಹನ್ನೊಂದು ವರ್ಷ ಆಗಿತ್ತು.