ಕತ್ತಿಗಿಂತ ಬಕೆಟ್ ಜಾಸ್ತಿ: ‘ಶಾವೋಲಿನ್‌ನ 36ನೇ ಕೋಣೆ’ಗೆ ಇಷ್ಟೊಂದು ತರಬೇತಿ ಬೇಕಿತ್ತಾ?

1978ರಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಕಂಪನಿ ತೆಗೆದ ‘ಶಾವೋಲಿನ್‌ನ 36ನೇ ಕೋಣೆ’ಯ ಕಥೆಯನ್ನು ನಾಲ್ಕು ಸಾಲಲ್ಲಿ ಹೇಳಿ ಮುಗಿಸಬಹುದು. ಕ್ಯಾಂಟನ್ ಊರಿನ ವಿದ್ಯಾರ್ಥಿ ಲಿಯು ಯೂದೆ. ಆಗ ಚೀನಾವನ್ನು ಆಳುತ್ತಿದ್ದ ಮಂಚು ದೊರೆಗಳ ಸೇನಾಪತಿ ಅವನ ಅಪ್ಪನನ್ನು, ಗೆಳೆಯರನ್ನು ಕೊಲ್ಲಿಸುತ್ತಾನೆ. ಹುಡುಗ ತಪ್ಪಿಸಿಕೊಂಡು, ಕುಂಗ್‌ಫುಗೆ ಹೆಸರಾದ ಶಾವೋಲಿನ್ ಬೌದ್ಧ ಮಠ ಸೇರುತ್ತಾನೆ, ತಲೆ ಬೋಳಿಸಿಕೊಂಡು ಸ್ಯಾನ್ ತೆ ಆಗುತ್ತಾನೆ. ಕುಂಗ್‌ಫು ಕಲಿತು ವಾಪಸ್ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ಸುಮಾರು ಎರಡು ಗಂಟೆಯ ಈ ಸಿನಿಮಾದಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ‘ಕಲಿತು’ ಅನ್ನುವ ಆ ಒಂದು ಪದಕ್ಕೇ ಹೋಗುತ್ತದೆ. ಅದು ಸರಿಯಾ? ಒಟ್ಟಿಗೇ ಕೂತು ನೋಡಿದ ಇಬ್ಬರು ಎದ್ದು ಬರುವಾಗ ಜಗಳವಾಡಿಕೊಂಡೇ ಬಂದರು. ಇಲ್ಲಿ ಇಬ್ಬರ ಮಾತೂ ಇದೆ.

ಪರ: ಊಟದ ಮನೆಯೇ ಮೊದಲ ಪಾಠ

ಈ ಸಿನಿಮಾದಲ್ಲಿ ನನಗೆ ತುಂಬ ಇಷ್ಟವಾದ ಜಾಗದಲ್ಲಿ ಯಾರೂ ಯಾರಿಗೂ ಹೊಡೆಯುವುದಿಲ್ಲ.

ಊಟದ ಹೊತ್ತು. ಭಿಕ್ಷುಗಳೆಲ್ಲ ಊಟದ ಮನೆಗೆ ಹೊರಟಿದ್ದಾರೆ. ದಾರಿಗೆ ಅಡ್ಡವಾಗಿ ನೀರು. ನೀರಿನ ನಡುವೆ ಮರದ ತುಂಡುಗಳನ್ನು ಸೇರಿಸಿ ಕಟ್ಟಿದ ಕಂತೆ ತೇಲುತ್ತಿದೆ. ಒಬ್ಬೊಬ್ಬರೇ ಬಂದು ಅದರ ಮೇಲೆ ಒಂದು ಹೆಜ್ಜೆ ಇಟ್ಟು ಆಚೆ ದಡಕ್ಕೆ ಹಾರುತ್ತಾರೆ, ಮನೆ ಹೊಸ್ತಿಲು ದಾಟಿದಷ್ಟು ಸಲೀಸಾಗಿ. ಸ್ಯಾನ್ ತೆ ಕಾಲಿಟ್ಟ ತಕ್ಷಣ ಕಂತೆ ಉರುಳುತ್ತದೆ. ದುಡುಮ್! ಎದ್ದು ಬಂದು ಮತ್ತೆ ಹಾರುತ್ತಾನೆ, ಮತ್ತೆ ನೀರು. ಅವತ್ತಿನ ಊಟ ಖೋತಾ.

ಇದು ತರಬೇತಿ ಅಂತ ಅವನಿಗೆ ಯಾರೂ ಹೇಳಿಲ್ಲ. ಹೊಟ್ಟೆ ಹಸಿದಿದೆ, ಅಷ್ಟೇ. ಮೈ ಹಗುರ ಮಾಡಿಕೊಳ್ಳುವ ವಿದ್ಯೆ, ತೂಕವನ್ನು ಕಾಲಿನ ತುದಿಗೆ ತರುವ ವಿದ್ಯೆ, ಇಂಥ ದೊಡ್ಡ ಮಾತು ಒಂದೂ ಇಲ್ಲ. ನೀರು ದಾಟಿದರೆ ಊಟ. ಇಷ್ಟು ಸರಳವಾಗಿ, ಇಷ್ಟು ನಗು ಬರುವ ಹಾಗೆ ಪಾಠ ಶುರು ಮಾಡಿದ ಹೊಡೆದಾಟದ ಸಿನಿಮಾವನ್ನು ನಾನು ಬೇರೆ ನೋಡಿಲ್ಲ.

ಇದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ತಮಾಷೆ ನಡೆದಿರುತ್ತದೆ. ಮಠದಲ್ಲಿ ಒಂದೊಂದು ಪಾಠಕ್ಕೆ ಒಂದೊಂದರಂತೆ 35 ಕೋಣೆಗಳಿವೆ, ಎಲ್ಲಿಂದ ಶುರು ಮಾಡ್ತೀಯ ಅಂತ ಕೇಳಿದರೆ ಈ ಪುಣ್ಯಾತ್ಮ ಎಲ್ಲಕ್ಕಿಂತ ಮೇಲಿನದೇ ಬೇಕು ಅನ್ನುತ್ತಾನೆ. ಅಲ್ಲಿ ಹೋಗಿ ನೋಡಿದರೆ ಕತ್ತಿಯೂ ಇಲ್ಲ, ಕೋಲೂ ಇಲ್ಲ. ವಯಸ್ಸಾದ ಭಿಕ್ಷುಗಳು ಕೂತು ಗ್ರಂಥ ಪಠಿಸುತ್ತಿದ್ದಾರೆ. ಅವರಲ್ಲಿ ಒಬ್ಬರು ಮೈ ಮುಟ್ಟದೆಯೇ ಇವನನ್ನು ಬೀಳಿಸುತ್ತಾರೆ. ಮರುದಿನ ನಮ್ಮ ಹೀರೋ ತೆಪ್ಪಗೆ ಕೆಳಗಿನ ಕೋಣೆಗೆ ಬರುತ್ತಾನೆ.

ಆಮೇಲೆ ಬಕೆಟ್. ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದು, ತೋಳುಗಳನ್ನು ಪಕ್ಕಕ್ಕೆ ಚಾಚಿಕೊಂಡು ಮೇಲೆ ಹತ್ತಬೇಕು. ತೋಳಿಗೆ ಚೂರಿ ಕಟ್ಟಿದ್ದಾರೆ, ಮೊನೆ ಪಕ್ಕೆಯ ಕಡೆಗೆ. ಸುಸ್ತಾಗಿ ಕೈ ಇಳಿಸಿದರೆ ನಿನ್ನ ಚೂರಿ ನಿನಗೇ. ಗುರುಗಳು ಬೈಯುವ ಅಗತ್ಯವೇ ಇಲ್ಲ. ಅದಾದ ಮೇಲೆ ಗಂಟೆ. ಉದ್ದನೆಯ ಕೋಲಿನ ತುದಿಗೆ ಭಾರ ಇದೆ, ಇನ್ನೊಂದು ತುದಿ ಇವನ ಕೈಯಲ್ಲಿ. ಪಕ್ಕದಲ್ಲಿ ಒಬ್ಬರು ಮರದ ವಾದ್ಯ ಬಡಿಯುತ್ತಾ ತಾಳ ಹಾಕುತ್ತಾರೆ, ಆ ತಾಳಕ್ಕೆ ಸರಿಯಾಗಿ ಗಂಟೆ ಬಾರಿಸಬೇಕು. ಕ್ಯಾಮೆರಾ ಅವನ ಮಣಿಕಟ್ಟನ್ನು ಬಿಟ್ಟು ಹೋಗುವುದಿಲ್ಲ. ನೋಡ್ತಾ ನೋಡ್ತಾ ನನ್ನ ಮಣಿಕಟ್ಟೂ ನೋಯೋಕೆ ಶುರುವಾಯಿತು, ಸುಳ್ಳಲ್ಲ. ಇನ್ನೊಂದು ಕೋಣೆಯಲ್ಲಿ ತಲೆಯ ಎರಡೂ ಪಕ್ಕ ಉರಿಯುವ ದಪ್ಪ ಅಗರಬತ್ತಿ. ಎದುರಿಗೆ ದೀಪ ಆಚೆ ಈಚೆ ತೂಗಾಡುತ್ತಿರುತ್ತದೆ. ಬರೀ ಕಣ್ಣು ತಿರುಗಬೇಕು. ತಲೆ ತಿರುಗಿಸಿದರೆ ಕೆನ್ನೆ ಸುಡುತ್ತದೆ.

ಇದನ್ನೆಲ್ಲ ಕಂಡವನಿಗೇ ಇಷ್ಟು ಹತ್ತಿರದಿಂದ ತೋರಿಸಲು ಆಗುವುದು. ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಹಂಗ್ ಗಾರ್ ಅನ್ನುವ ಕುಂಗ್‌ಫು ಪದ್ಧತಿಯ ಮನೆತನದವರು. ಅವರ ಅಪ್ಪ ಲಾವ್ ಚಾಮ್ ಕಲಿತದ್ದು ಲಾಮ್ ಸೈ-ವಿಂಗ್ ಹತ್ತಿರ. ಲಾಮ್ ಕಲಿತದ್ದು ದಕ್ಷಿಣ ಚೀನಾದಲ್ಲಿ ಮನೆಮಾತಾದ ಕುಂಗ್‌ಫು ಗುರು ವಾಂಗ್ ಫೇ-ಹಂಗ್ ಹತ್ತಿರ. ಹೀರೋ ಗಾರ್ಡನ್ ಲಿಯು ಕೂಡ ಇದೇ ಮನೆಯ ದತ್ತು ಮಗ. ಲಾವ್ ಹಲವು ವರ್ಷ ಬೇರೆಯವರ ಸಿನಿಮಾಗಳಿಗೆ ಹೊಡೆದಾಟ ಕೂರಿಸಿ, 1975ರಲ್ಲಿ ತಾವೇ ನಿರ್ದೇಶನಕ್ಕೆ ಇಳಿದವರು. ಆ ಕಾಲದ ಎಷ್ಟೋ ಸಿನಿಮಾಗಳಲ್ಲಿ ಹೀರೋ ಎಲ್ಲ ಕಲಿತುಕೊಂಡೇ ತೆರೆಗೆ ಬರುತ್ತಿದ್ದ. ಲಾವ್‌ಗೆ ಅದು ಸಾಕಾಗಿರಲಿಲ್ಲ ಅನಿಸುತ್ತದೆ. ಕಲಿಯುವುದನ್ನೇ ಕಥೆ ಮಾಡಿದರು.

ಚಿಕ್ಕಂದಿನಲ್ಲಿ ನಾನೂ ಆರು ತಿಂಗಳು ಗರಡಿಗೆ ಹೋಗಿದ್ದೆ. ಮೊದಲ ತಿಂಗಳು ವಸ್ತಾದರು ಒಂದು ಪಟ್ಟೂ ಹೇಳಿಕೊಡಲಿಲ್ಲ. ಮಟ್ಟಿ ಅಗೆಯೋದು, ಮಣ್ಣು ಹದ ಮಾಡೋದು, ಅಷ್ಟೇ. ಇದೇನು ಕೂಲಿ ಕೆಲಸ ಅಂತ ಒಳಗೊಳಗೇ ಉರಿದುಕೊಂಡಿದ್ದೆ. ಈ ಸಿನಿಮಾ ನೋಡುವಾಗ ಸೊಂಟದಲ್ಲಿ ಆ ಹಳೆ ನೋವು ನೆನಪಾಯಿತು.

ಸೇಡಿನ ಕಥೆ ತೆಳು ಅನ್ನುತ್ತಾರೆ. ಇರಲಿ ಬಿಡಿ. ಸಿನಿಮಾದ ನಿಜವಾದ ಎದುರಾಳಿ ಆ ಸೇನಾಪತಿಯೇ ಅಲ್ಲ, ಮಠದ ಒಳಗೇ ಇರುವ ದಂಡಾಧಿಕಾರಿ ಭಿಕ್ಷು. ಲೀ ಹೋಯ್-ಸಾಂಗ್ ಆ ಪಾತ್ರ ಮಾಡಿದ್ದಾರೆ, ಎರಡು ಕೈಯಲ್ಲಿ ಎರಡು ಗಿಡ್ಡ ಕತ್ತಿ. ಎಲ್ಲ ಕೋಣೆ ಮುಗಿಸಿ ಬಂದ ಸ್ಯಾನ್ ತೆ ಈ ಮನುಷ್ಯನ ಎದುರು ಸೋಲುತ್ತಾನೆ, ಮತ್ತೆ ಬಂದು ಮತ್ತೆ ಸೋಲುತ್ತಾನೆ. 35 ಕೋಣೆಯ ವಿದ್ಯೆ ಸಾಲುವುದಿಲ್ಲ! ಕೊನೆಗೆ ಬಿದಿರ ಮೆಳೆಯ ನಡುವೆ ಅವನಿಗೆ ಒಂದು ಹೊಳೆಯುತ್ತದೆ. ಕೋಲನ್ನು ಮೂರು ತುಂಡು ಮಾಡಿ ಸರಪಳಿಯಿಂದ ಜೋಡಿಸಿದರೆ? ಆ ಮೂರು ತುಂಡಿನ ಕೋಲು ಹಿಡಿದು ಬಂದು ಗೆಲ್ಲುತ್ತಾನೆ. ಅಲ್ಲಿಯವರೆಗಿನದು ಮಠ ಕೊಟ್ಟಿದ್ದು, ಇದು ಅವನ ಸ್ವಂತದ್ದು. ಅಷ್ಟು ಹೊತ್ತು ಬಕೆಟ್ ತೋರಿಸದೆ ಹೋಗಿದ್ದರೆ ಈ ಕ್ಷಣಕ್ಕೆ ತೂಕ ಎಲ್ಲಿಂದ ಬರುತ್ತಿತ್ತು?

ಇನ್ನೊಂದು ಮಾತು ಹೇಳಿ ನಿಲ್ಲಿಸುತ್ತೇನೆ. ಅಮೆರಿಕದಲ್ಲಿ ಈ ಸಿನಿಮಾ ‘ಮಾಸ್ಟರ್ ಕಿಲ್ಲರ್’ ಅನ್ನುವ ಹೆಸರಲ್ಲಿ ಓಡಿತು. ಕೊಲೆಗಾರ ಅಂದರೆ ಟಿಕೆಟ್ ಜಾಸ್ತಿ ಹೋಗುತ್ತದೆ ಅಂತ ಯಾರೋ ಲೆಕ್ಕ ಹಾಕಿರಬೇಕು. ಆದರೆ ನ್ಯೂಯಾರ್ಕ್‌ನ ರ‍್ಯಾಪ್ ಹುಡುಗರ ಗುಂಪು ವೂ-ಟ್ಯಾಂಗ್ ಕ್ಲ್ಯಾನ್ 1993ರಲ್ಲಿ ತಮ್ಮ ಮೊದಲ ಆಲ್ಬಮ್‌ಗೆ ಹೆಸರಿಡುವಾಗ ಕೊಲೆಗಾರನನ್ನು ಬಿಟ್ಟರು, 36 ಕೋಣೆಗಳನ್ನು ಎತ್ತಿಕೊಂಡರು. ನೋಡಿದವರಿಗೆ ಏನು ಉಳಿಯಿತು ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋದು?

ವಿರೋಧ: 35 ಕೋಣೆ ಸುತ್ತಿಸಿ 36ನೆಯದಕ್ಕೆ ಬೀಗ

ಬಕೆಟ್ ದೃಶ್ಯ ನನಗೂ ಇಷ್ಟ. ತೊಂದರೆ ಶುರುವಾಗುವುದೇ ಅಲ್ಲಿಂದ. ಅದು ಎಷ್ಟು ಚೆನ್ನಾಗಿದೆ ಅಂದರೆ ಸಿನಿಮಾ ತಾನು ಯಾಕೆ ಶುರುವಾಗಿದ್ದೆ ಅನ್ನೋದನ್ನೇ ಮರೆತುಬಿಡುತ್ತದೆ.

ಶುರುವಿನ ಅರ್ಧ ಗಂಟೆ ನೆನಪಿಸಿಕೊಳ್ಳಿ. ಕ್ಯಾಂಟನ್‌ನ ಒಂದು ಪಾಠಶಾಲೆ, ಗುಟ್ಟಾಗಿ ದಂಗೆಕೋರರ ಜೊತೆ ಸೇರಿದ ಮೇಷ್ಟ್ರು. ಹುಡುಗನ ಅಪ್ಪನದು ಒಣಮೀನಿನ ವ್ಯಾಪಾರ. ಮೀನಿನ ಹೊಟ್ಟೆಯೊಳಗೆ ಪತ್ರ ಬಚ್ಚಿಟ್ಟು ಸಾಗಿಸುತ್ತಾರೆ. ಎಂಥ ಒಳ್ಳೆಯ ಶುರು! ಆ ಬೀದಿ, ಆ ಅಂಗಡಿ, ಆ ಭಯ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಹುಡುಗ ಗಾಯಗೊಂಡು, ಗಾಡಿಯಲ್ಲಿ ತರಕಾರಿ ಕೆಳಗೆ ಅಡಗಿ ಮಠ ಮುಟ್ಟುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಅಪ್ಪ, ಆ ಮೇಷ್ಟ್ರು, ಆ ಊರು ಹೆಚ್ಚುಕಮ್ಮಿ ಮಾಯ. ಹಸಿವಿಗೆ ಅಳುವ ಸ್ಯಾನ್ ತೆ ನಮಗೆ ಕಾಣುತ್ತಾನೆ. ಅಪ್ಪನಿಗಾಗಿ ಅಳುವ ಯೂದೆ ಎಲ್ಲಿ ಹೋದ?

ಗೆಳೆಯರು ಸೇಡಿನ ಕಥೆ ತೆಳು ಅಂತ ಒಪ್ಪಿಕೊಂಡು ‘ಇರಲಿ ಬಿಡಿ’ ಅಂದರು. ನಾನು ಬಿಡಲ್ಲ. ಸೇನಾಪತಿಯ ಪಾತ್ರದಲ್ಲಿರುವವರು ಲೋ ಲಿಯೆ. 1972ರ ‘ಕಿಂಗ್ ಬಾಕ್ಸರ್’ ಮೂಲಕ ಹಾಂಗ್‌ಕಾಂಗ್‌ನ ಕುಂಗ್‌ಫು ಸಿನಿಮಾವನ್ನು ಅಮೆರಿಕದ ಥಿಯೇಟರ್‌ಗಳವರೆಗೆ ಒಯ್ದ ನಟ. ಅಂಥವರನ್ನು ಕರೆತಂದು ಕುದುರೆ ಮೇಲೆ ಕೂರಿಸಿ, ಮುಖ ಗಂಟಿಕ್ಕಿಸಿ, ಕೊನೆಯಲ್ಲಿ ಒಂದು ಹೊಡೆದಾಟ ಕೊಟ್ಟು ಕಳಿಸಿದ್ದಾರೆ. ಮದುವೆಗೆ ಒಳ್ಳೆ ಅಡುಗೆಯವರನ್ನು ಕರೆಸಿ ಎಲೆ ತೊಳೆಯೋಕೆ ಹಚ್ಚಿದ ಹಾಗೆ.

ಇನ್ನು ಆ ತರಬೇತಿಯ ವಿಷಯ. ಒಂದು ಕೋಣೆ ನೋಡಿ, ಎರಡು ನೋಡಿ, ಲೆಕ್ಕ ಸಿಕ್ಕಿಬಿಡುತ್ತದೆ. ಮೊದಲು ಕಕ್ಕಾಬಿಕ್ಕಿ, ಆಮೇಲೆ ಪೆಟ್ಟು, ಆಮೇಲೆ ಹಟ, ಆಮೇಲೆ ಗೆಲುವು, ಮುಂದಿನ ಕೋಣೆ. ಅವನು ಪಾಸಾಗುತ್ತಾನೆ ಅಂತ ನಮಗೆ ಮುಂಚೆಯೇ ಗೊತ್ತು. ಹಾಗಂತ 35 ಕೋಣೆಯನ್ನೂ ತೋರಿಸುತ್ತಾರಾ? ಇಲ್ಲ. ಕೆಲವನ್ನು ವಿವರವಾಗಿ ತೋರಿಸಿ ಉಳಿದದ್ದನ್ನು ಹಾರಿಸಿಕೊಂಡು ಹೋಗುತ್ತಾರೆ. ಅಲ್ಲೇ ಸಿಕ್ಕಿಹಾಕಿಕೊಂಡವನು, ಹತ್ತು ವರ್ಷ ನೀರು ದಾಟಲು ಆಗದವನು ಒಬ್ಬನಾದರೂ ಆ ಮಠದಲ್ಲಿ ಇರಬೇಕಲ್ವಾ? ಅಂಥವನ ಮುಖ ನಮ್ಮ ನೆನಪಲ್ಲಿ ಉಳಿಯುವಷ್ಟು ಹೊತ್ತು ಕ್ಯಾಮೆರಾ ನಿಲ್ಲುವುದಿಲ್ಲ. ಗೆಳೆಯರು ಗರಡಿಯ ಮಣ್ಣು ಹದ ಮಾಡಿದ್ದು ಹೇಳಿದರು, ಸಂತೋಷ. ಮಣ್ಣು ಹದ ಮಾಡಿದವರೆಲ್ಲ ಪೈಲ್ವಾನರಾಗಲಿಲ್ಲ ಅನ್ನೋದಕ್ಕೆ ಅವರೇ ಸಾಕ್ಷಿ. ಆರು ತಿಂಗಳಿಗೆ ಯಾಕೆ ಬಿಟ್ಟಿರಿ ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ನನಗೆ ಆ ಕಥೆ ಬೇಕಿತ್ತು.

ಹೆಂಗಸರ ಮಾತಂತೂ ಎತ್ತುವ ಹಾಗೇ ಇಲ್ಲ. ಗಂಡಸರ ಮಠದ ಕಥೆ, ಸರಿ. ಆದರೆ ಕ್ಯಾಂಟನ್ ಬೀದಿಯಲ್ಲೂ ನೆನಪಿಡುವಂಥ ಒಬ್ಬಳು ಇಲ್ಲ. ಇದೇ ಲಾವ್, ಇದೇ ಗಾರ್ಡನ್ ಲಿಯು, ಅದೇ 1978ರಲ್ಲಿ ‘ಹೀರೋಸ್ ಆಫ್ ದಿ ಈಸ್ಟ್’ ಮಾಡಿದರು. ಅಲ್ಲಿ ಚೀನಾದ ಗಂಡ, ಜಪಾನಿನ ಹೆಂಡತಿ, ಇಬ್ಬರಿಗೂ ಯಾರ ವಿದ್ಯೆ ದೊಡ್ಡದು ಅಂತ ಮನೆಯೊಳಗೇ ಕಾಳಗ. 1981ರಲ್ಲಿ ‘ಮೈ ಯಂಗ್ ಆಂಟಿ’ ಮಾಡಿದಾಗ ಇಡೀ ಸಿನಿಮಾವನ್ನು ಕಾರಾ ಹುಯಿ ಹೆಗಲ ಮೇಲೆ ಹಾಕಿದರು, ಆಕೆಗೆ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನ ಅತ್ಯುತ್ತಮ ನಟಿ ಪ್ರಶಸ್ತಿಯೂ ಬಂತು. ಅಂದರೆ ಲಾವ್‌ಗೆ ಬರುತ್ತಿತ್ತು. ಇಲ್ಲಿ ಕೋಣೆಗಳ ನಡುವೆ ಜಾಗ ಉಳಿಯಲಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಸಿನಿಮಾದ ಹೆಸರಲ್ಲಿರುವ ಸಂಖ್ಯೆ 36. ಮಠದಲ್ಲಿರುವುದು 35. ಆ ಇನ್ನೊಂದು ಯಾವುದು? ಎಲ್ಲ ಕಲಿತ ಮೇಲೆ ಸ್ಯಾನ್ ತೆ ಒಂದು ಕೋರಿಕೆ ಇಡುತ್ತಾನೆ. ಹೊರಗಿನ ಜನರಿಗೂ, ಸನ್ಯಾಸ ತಗೊಳ್ಳದವರಿಗೂ ಕುಂಗ್‌ಫು ಕಲಿಸಬೇಕು, ಅದಕ್ಕೊಂದು ಹೊಸ ಕೋಣೆ ತೆರೆಯಬೇಕು. ಮಠ ಬೆಚ್ಚಿಬೀಳುತ್ತದೆ. ವಿದ್ಯೆ ಗೋಡೆಯೊಳಗೇ ಇರಬೇಕಾ, ಬೀದಿಗೂ ಹೋಗಬೇಕಾ? ಇಡೀ ಸಿನಿಮಾದ ಜೀವ ಇರುವ ಪ್ರಶ್ನೆ ಇದು. ಹಿರಿಯ ಗುರುಗಳು ಜಾಣರು. ಶಿಕ್ಷೆ ಅನ್ನುವ ನೆಪ ಮಾಡಿ, ಭಿಕ್ಷೆ ಎತ್ತಿಕೊಂಡು ಬಾ ಅಂತ ಅವನನ್ನು ಹೊರಗೆ ಕಳಿಸುತ್ತಾರೆ. ಹೋಗಬೇಡ ಅನ್ನಲಿಲ್ಲ, ಹೋಗು ಅಂತಲೂ ಬಾಯಿಬಿಟ್ಟು ಹೇಳಲಿಲ್ಲ. ಎಷ್ಟು ಸೊಗಸು! ನೀ ಕುವಾಂಗ್ ಬರೆದ ಚಿತ್ರಕಥೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಆದರೆ ಅಷ್ಟೊತ್ತಿಗೆ ಹೊತ್ತು ಮೀರಿದೆ. ಊರಿಗೆ ಬಂದ ಸ್ಯಾನ್ ತೆ ಅಲ್ಲೊಬ್ಬ, ಇಲ್ಲೊಬ್ಬ ಶಿಷ್ಯನನ್ನು ಗುಡುಗುಡು ಅಂತ ಒಟ್ಟುಹಾಕುತ್ತಾನೆ. ಅದರಲ್ಲಿ ಅಕ್ಕಿ ಗಿರಣಿಯ ಹುಡುಗನೊಬ್ಬ ಇದ್ದಾನೆ. ಅವನಿಗೆ ಸ್ಯಾನ್ ತೆ ಏನು ಕಲಿಸಿದ? ಅಕ್ಕಿ ಮೂಟೆ ಹೊತ್ತು ಬಲಿತ ಆ ತೋಳಿಗೆ ಬಕೆಟ್ ಕೋಣೆ ಬೇಕಿತ್ತಾ, ಅಥವಾ ಅವನ ಗಿರಣಿಯೇ ಒಂದು ಕೋಣೆಯಾಗಿತ್ತಾ? ಮಠದಲ್ಲಿ ನೀರು ದಾಟುವುದಕ್ಕೆ ಅಷ್ಟು ಹೊತ್ತು ಕೊಟ್ಟವರು ಇದಕ್ಕೆ ಹತ್ತು ನಿಮಿಷ ಕೊಡಬಾರದಿತ್ತಾ?

ಬೇಕಿದ್ದರೆ ಮಾಡುತ್ತಿದ್ದರು ಅನ್ನೋದಕ್ಕೂ ನನ್ನ ಹತ್ತಿರ ಉದಾಹರಣೆ ಇದೆ. 1980ರಲ್ಲಿ ಲಾವ್ ಅವರೇ ತೆಗೆದ ‘ರಿಟರ್ನ್ ಟು ದಿ 36ತ್ ಚೇಂಬರ್’. ಅದರಲ್ಲಿ ಗಾರ್ಡನ್ ಲಿಯು ಸ್ಯಾನ್ ತೆ ಅಂತ ಸುಳ್ಳು ಹೇಳಿಕೊಂಡು ತಿರುಗುವ ಪೋಲಿ. ಬಣ್ಣ ಹಾಕುವ ಕಾರ್ಖಾನೆಯ ಕೆಲಸಗಾರರಿಗೆ ಮಂಚು ಮೇಸ್ತ್ರಿಗಳಿಂದ ಕಿರುಕುಳ, ಸಂಬಳಕ್ಕೆ ಕತ್ತರಿ. ಅವರಿಗೆ ನೆರವಾಗಲು ಹೋಗಿ ಇವನ ಬಂಡವಾಳ ಬಯಲಾಗುತ್ತದೆ. ಕಲಿಯೋಣ ಅಂತ ಮಠಕ್ಕೆ ಹೋದರೆ ಅಲ್ಲಿ ಬಿದಿರ ಸಾರುವೆ ಕಟ್ಟುವ ಕೆಲಸಕ್ಕೆ ಹಚ್ಚುತ್ತಾರೆ. ಬೈಕೊಂಡು ಬೈಕೊಂಡು ಬಿದಿರು ಕಟ್ಟುತ್ತಾನೆ. ವಾಪಸ್ ಬಂದ ಮೇಲೆ ಗೊತ್ತಾಗುತ್ತದೆ, ಕೈಗೆ ವಿದ್ಯೆ ಬಂದಿದೆ. ಹಗ್ಗ, ಬಿದಿರು, ಗಂಟು, ಅದೇ ಅವನ ಕುಂಗ್‌ಫು. ಯಾರಿಗಾಗಿ ಕಲಿತನೋ ಆ ಕೆಲಸಗಾರರು ಶುರುವಿನಲ್ಲೂ ಇದ್ದಾರೆ, ಕೊನೆಯಲ್ಲೂ ಇದ್ದಾರೆ. ಮೊದಲ ಸಿನಿಮಾಕ್ಕಿಂತ ಇದು ಹಗುರ, ಜಾಸ್ತಿ ತಮಾಷೆ, ಹೆಸರೂ ಅಷ್ಟಿಲ್ಲ. ಆದರೂ ಲೆಕ್ಕ ಸರಿ ಹೊಂದುತ್ತದೆ.

ಮೊದಲ ಸಿನಿಮಾದ ಕೊನೆಗೆ ಹೋಗೋಣ. ಸೇನಾಪತಿ ಸತ್ತಾಗಿದೆ. ಸ್ಯಾನ್ ತೆ ಮಠದಲ್ಲಿದ್ದಾನೆ, ಅಂತೂ ಇಂತೂ 36ನೇ ಕೋಣೆ ತೆರೆದಿದೆ. ಸಾಮಾನ್ಯ ಜನ ಸಾಲಾಗಿ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಎರಡನೇ ಸಲ ನೋಡುವಾಗ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ, ಗಿರಣಿಯ ಹುಡುಗ ಯಾವ ಸಾಲಲ್ಲಿದ್ದಾನೆ ಅಂತ. ಒಂದೊಂದೇ ಮುಖ ಹುಡುಕುತ್ತಾ ಎರಡನೇ ಸಾಲಿಗೆ ಬರುವಷ್ಟರಲ್ಲಿ ಸಿನಿಮಾ ಮುಗಿದುಹೋಯಿತು.